ಪದಚರ್ಚೆ: ಆಟಗಾರನ ‘ಫಾರ್ಮ್’ – ಲಯವೋ, ಹದವೋ? ಜೊತೆಗೆ ‘ಬಿಹೈಂಡ್’ಗೂ ಒಂದು ಮಾತು ಬೇಕು

ಗೆಳೆಯರಿಗೆಲ್ಲ ನಮಸ್ಕಾರ.

ಒಂದು ಪದದ ಬೆನ್ನು ಹತ್ತಿ ವಾರವಾಯಿತು. ನನ್ನ ಕೈಲಿ ಬಗೆಹರಿಯುತ್ತಿಲ್ಲ, ಅದಕ್ಕೇ ನಿಮ್ಮ ಮುಂದೆ ಇಡುತ್ತಿದ್ದೇನೆ. ಪತ್ರ ಸ್ವಲ್ಪ ಉದ್ದವಾಗಿದೆ, ಬೇಸರ ಮಾಡಿಕೊಳ್ಳಬೇಡಿ.

ನಾನಿರುವುದು ಮೆಲ್ಬರ್ನಿನಲ್ಲಿ. ಚಳಿಗಾಲ ಬಂತೆಂದರೆ ಇಲ್ಲಿ ಊರಿಗೆ ಊರೇ ಫುಟಿ ಹುಚ್ಚಿಗೆ ಬೀಳುತ್ತದೆ. ಫುಟಿ ಅಂದರೆ ವಿಶ್ವಕಪ್ಪಿನ ಫುಟ್‌ಬಾಲ್ ಅಲ್ಲ, ಆಸ್ಟ್ರೇಲಿಯನ್ ರೂಲ್ಸ್. ಮೊಟ್ಟೆಯಾಕಾರದ ಮೈದಾನ, ಮೊಟ್ಟೆಯಾಕಾರದ್ದೇ ಚೆಂಡು, ಒಂದೊಂದು ಕಡೆ 18 ಜನ. ಚೆಂಡನ್ನು ಒದೆಯಬಹುದು, ಹಿಡಿಯಬಹುದು, ಒಂದು ಕೈಯಲ್ಲಿಟ್ಟುಕೊಂಡು ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಿ ಜೊತೆಯವನಿಗೆ ದಾಟಿಸಬಹುದು. ಎಸೆಯುವಂತಿಲ್ಲ. ಹಾಗಾಗಿ ‘ಕಾಲ್ಚೆಂಡು’ ಅನ್ನುವ ನಮ್ಮ ಪದ ಇದಕ್ಕೆ ಅರ್ಧ ಮಾತ್ರ ಹೊಂದುತ್ತದೆ. ಆ ಜಗಳ ಇವತ್ತು ಬೇಡ.

ಊರಲ್ಲಿರುವ ಅಣ್ಣನ ಮಗನಿಗೆ ಈ ಆಟದ ರುಚಿ ಹತ್ತಿಸೋಣ ಅಂತ 2023ರ ಗ್ರ್ಯಾಂಡ್ ಫೈನಲ್ ಬಗ್ಗೆ ಕನ್ನಡದಲ್ಲಿ ನಾಲ್ಕು ಪುಟ ಬರೆಯಲು ಕೂತೆ. ಸೆಪ್ಟೆಂಬರ್ 30, ಎಂಸಿಜಿ ಮೈದಾನ, ಒಂದು ಲಕ್ಷ ಜನ. ಕಾಲಿಂಗ್‌ವುಡ್ ತಂಡ ಬ್ರಿಸ್ಬೇನ್ ಲಯನ್ಸ್ ತಂಡವನ್ನು ಬರೀ 4 ಅಂಕದಿಂದ ಸೋಲಿಸಿತು. ಆಟದ ವರದಿ ಸಲೀಸಾಗಿ ಬಂತು. ತೊಡಕಾಗಿದ್ದು ಆಮೇಲೆ. ನನಗೆ ಬರೆಯುವ ಆಸೆ ಇದ್ದದ್ದು ಆಟ ಮುಗಿದ ಮೇಲಿನ ಹರಟೆಯನ್ನು.

ನಮ್ಮ ಪಕ್ಕದ ಮನೆಯ ಅಜ್ಜ ಹುಟ್ಟಿದಾಗಿನಿಂದ ಕಾಲಿಂಗ್‌ವುಡ್ ಕಡೆಯವರು. ಅವತ್ತು ಅವರ ಹಿತ್ತಿಲಲ್ಲಿ ಹತ್ತು ಹನ್ನೆರಡು ಜನ ಸೇರಿದ್ದರು. ಗೆದ್ದ ಖುಷಿ ಇದ್ದದ್ದು ಅರ್ಧ ಗಂಟೆ. ಆಮೇಲೆ ಶುರುವಾಯಿತು ನೋಡಿ. ಯಾರ ಆಟ ಹೇಗಿತ್ತು, ಯಾರ ಮೇಲೆ ಯಾರನ್ನು ಬಿಟ್ಟಿದ್ದು ಸರಿ, ಯಾರ ಕಾಲು ಸೋತಿತ್ತು, ಮುಂದಿನ ವರ್ಷ ಯಾರು ಬೇಡ. ಗೆದ್ದವರೂ ಇಷ್ಟು ತಪ್ಪು ಹುಡುಕುತ್ತಾರಾ ಅಂತ ನನಗೆ ಸೋಜಿಗ. ಆ ಮಾತಿನಲ್ಲಿ ಎರಡು ನಿಮಿಷಕ್ಕೊಮ್ಮೆ ಬರುತ್ತಿದ್ದ ಪದ ‘ಫಾರ್ಮ್’. ನನ್ನ ಬರಹ ನಿಂತಿರುವುದೂ ಅಲ್ಲೇ.

ನಮ್ಮ ಪತ್ರಿಕೆಗಳ ಆಟದ ಪುಟಕ್ಕೆ ಇದಕ್ಕೆ ಸಿದ್ಧ ಉತ್ತರವಿದೆ: ಲಯ. ಬ್ಯಾಟ್ಸ್‌ಮನ್ ‘ಲಯ ಕಂಡುಕೊಂಡ’, ‘ಲಯಕ್ಕೆ ಮರಳಿದ’, ‘ಲಯ ತಪ್ಪಿದ’. ಓದಿ ಓದಿ ನಮಗೆ ರೂಢಿಯಾಗಿದೆ. ಕ್ರಿಕೆಟ್ಟಿಗೆ ಅದು ಚೆನ್ನಾಗಿ ಕೂರುತ್ತದೆ ಕೂಡ. ಚೆಂಡು ಬರುತ್ತದೆ, ಬ್ಯಾಟು ಬೀಸುತ್ತದೆ, ಮತ್ತೆ ಬರುತ್ತದೆ, ಮತ್ತೆ ಬೀಸುತ್ತದೆ. ಒಂದು ತಾಳ ಇದೆ. ಬೌಲರ್ ಓಡಿ ಬರುವುದರಲ್ಲೂ ಇದೆ. ಫುಟಿಯಲ್ಲಿ ಆ ತಾಳ ಎಲ್ಲಿದೆ? ಮೊಟ್ಟೆ ಚೆಂಡು ನೆಲಕ್ಕೆ ಬಿದ್ದರೆ ಎತ್ತ ನೆಗೆಯುತ್ತದೆ ಅಂತ ಯಾರಿಗೂ ಗೊತ್ತಿಲ್ಲ. ಮೈದಾನದ ನಡುವೆ ಆಡುವವನಿಗೆ ಒಂದು ಸಲ ಆದದ್ದು ಇನ್ನೊಂದು ಸಲ ಆಗುವುದಿಲ್ಲ. ನಿಂತು, ಅಳೆದು, ಹೆಜ್ಜೆ ಎಣಿಸಿ ಗೋಲಿಗೆ ಒದೆಯುವವನಿಗೆ ಮಾತ್ರ ಲಯ ಅನ್ನಬಹುದೇನೋ.

ಇನ್ನೊಂದು ಸಣ್ಣ ತಕರಾರು. ಸೃಷ್ಟಿ, ಸ್ಥಿತಿ, ಲಯ ಅಂತಲೂ ಹೇಳುತ್ತೇವಲ್ಲ. ‘ಲಯನ್ಸ್ ತಂಡ ಲಯದಲ್ಲಿದೆ’ ಅಂತ ಬರೆದು ಜೋರಾಗಿ ಓದಿದೆ. ತಂಡ ಚೆನ್ನಾಗಿದೆಯೋ ಮುಳುಗಿಹೋಯಿತೋ ನನಗೇ ತಿಳಿಯಲಿಲ್ಲ.

ಹಿತ್ತಿಲಲ್ಲಿ ಕೇಳಿದ ಮಾತುಗಳನ್ನು ಬಿಡಿಸಿ ನೋಡಿದಾಗ ಗೊತ್ತಾದದ್ದು, ‘ಫಾರ್ಮ್’ ಅನ್ನುವ ಒಂದೇ ಪದದಲ್ಲಿ ಅವರು ಮೂರು ಬೇರೆ ಬೇರೆ ವಿಷಯ ಹೇಳುತ್ತಿದ್ದರು.

ಮೊದಲನೆಯದು ವರ್ಷವಿಡೀ ನಡೆದ ಆಟ. ಬ್ರಿಸ್ಬೇನಿನ ಲಾಕಿ ನೀಲ್ ಅದೇ ವಾರದ ಸೋಮವಾರ, ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ರೌನ್‌ಲೋ ಪದಕ ಗೆದ್ದಿದ್ದ, ಅಂಪೈರುಗಳು ಹಾಕಿದ 31 ಮತಗಳೊಂದಿಗೆ. ಅವನ ಬಗ್ಗೆ ಎದುರಾಳಿ ಕಡೆಯವರೂ ‘ಫಾರ್ಮ್’ ಅಂದರು. ಕನ್ನಡದಲ್ಲಿ ಇದಕ್ಕೆ ನಾಮಪದವೇ ಬೇಡ ಅನಿಸುತ್ತದೆ. ‘ವರ್ಷವೆಲ್ಲ ಒಂದೇ ಸಮ ಆಡಿದ’ ಅಂದರೆ ಮುಗಿಯಿತು.

ಎರಡನೆಯದು ಆ ಒಂದು ದಿನದ ಆಟ. ಕಾಲಿಂಗ್‌ವುಡ್‌ನ ಬಾಬಿ ಹಿಲ್ ಅವತ್ತು 4 ಗೋಲು ಹೊಡೆದ, ಎದುರಾಳಿಯ ಬೆನ್ನೇರಿ ಒಂದು ಚೆಂಡು ಹಿಡಿದ, ಫೈನಲಿನ ಅತ್ಯುತ್ತಮ ಆಟಗಾರನಿಗೆ ಕೊಡುವ ನಾರ್ಮ್ ಸ್ಮಿತ್ ಪದಕವನ್ನೂ ತೆಗೆದುಕೊಂಡ. ನನ್ನ ಮಾವ ಕುಂದಾಪುರದ ಕಡೆಯವರು, ಅವರಿಗೆ ಆಟ ಅಂದರೆ ಯಕ್ಷಗಾನ. ಬೆಳಗಿನ ಜಾವ ಆಟ ಬಿಟ್ಟ ಮೇಲೆ ಚಾ ಕುಡಿಯುತ್ತಾ ಯಾವ ವೇಷ ಹೇಗಿತ್ತು ಅಂತ ಇವರೂ ಹೀಗೇ ಕೂದಲು ಸೀಳುತ್ತಾರೆ. ಆ ಮಾತಿನಲ್ಲಿ ‘ಕಳೆಗಟ್ಟಿತು’, ‘ಕಳೆಗಟ್ಟಲಿಲ್ಲ’ ಅನ್ನುವುದು ಎಷ್ಟು ಸಲ ಬರುತ್ತದೋ ಲೆಕ್ಕವಿಲ್ಲ. ‘ಅವತ್ತು ಹಿಲ್ ಆಟ ಕಳೆಗಟ್ಟಿತು’ – ನನ್ನ ಕಿವಿಗೆ ಇದು ಸರಿಯಾಗಿದೆ. ನಿಮಗೆ?

ಮೂರನೆಯದೇ ಕಷ್ಟದ್ದು. ಕಾಲಿಂಗ್‌ವುಡ್‌ನವನೇ ಆದ ನಿಕ್ ಡೇಕಾಸ್ ಮಂಡಿಗೆ ಪೆಟ್ಟಾಗಿ ವಾರಗಟ್ಟಲೆ ಹೊರಗಿದ್ದ. ನೇರವಾಗಿ ಸೆಮಿಫೈನಲ್ಲಿಗೆ ಸಮನಾದ ಪ್ರಿಲಿಮಿನರಿ ಫೈನಲ್ಲಿಗೆ ಬಂದ. ಆ ಪಂದ್ಯ ಅವರು ಗೆದ್ದದ್ದು ಒಂದೇ ಅಂಕದಿಂದ. ಮುಂದಿನ ವಾರ ಗ್ರ್ಯಾಂಡ್ ಫೈನಲ್. ಅವನ ‘ಫಾರ್ಮ್’ ಬಗ್ಗೆ ಹಿತ್ತಿಲಲ್ಲಿ ದೊಡ್ಡ ವಾದವೇ ಆಯಿತು. ಇಲ್ಲಿ ಲೆಕ್ಕಕ್ಕೆ ಬರುವುದು ಮೈ, ಉಸಿರು, ಚೆಂಡು ಎಲ್ಲಿ ಬೀಳುತ್ತದೆ ಅಂತ ಮೊದಲೇ ತಿಳಿಯುವ ಚುರುಕು, ಇವೆಲ್ಲ ಒಂದಕ್ಕೊಂದು ಕೂಡಿಬಂದಿವೆಯೇ ಅನ್ನುವುದು.

ಇದಕ್ಕೆ ನನಗೆ ಹೊಳೆದದ್ದು ‘ಹದ’.

ನಾನು ಹಾಸನದ ಕಡೆಯವನು. ಚಿಕ್ಕಂದಿನಲ್ಲಿ ಆಲೆಮನೆ ನೋಡಿದ್ದೇನೆ. ಕೊಪ್ಪರಿಗೆಯಲ್ಲಿ ಪಾಕ ಕುದಿಯುತ್ತಿರುತ್ತದೆ. ಅಡುಗೆಯವ ಒಂದು ಹನಿ ನೀರಿಗೆ ಬಿಟ್ಟು ಬೆರಳಲ್ಲಿ ಉರುಳಿಸಿ ನೋಡಿ ‘ಹದ ಬಂತು’ ಅನ್ನುತ್ತಾನೆ. ಸ್ವಲ್ಪ ಮೊದಲಾದರೆ ಬೆಲ್ಲ ಗಟ್ಟಿಯಾಗದು, ಸ್ವಲ್ಪ ತಡವಾದರೆ ಸೀದುಹೋಗುತ್ತದೆ. ಮಳೆ ಬಿದ್ದ ಹೊಲಕ್ಕೂ ಹದ ಇದೆ, ರೊಟ್ಟಿ ಹಿಟ್ಟಿಗೂ ಇದೆ, ಚರ್ಮಕ್ಕೂ ಇದೆ. ಎಲ್ಲ ಕಡೆಯೂ ಅದು ಬರುವಂಥದ್ದು, ಬಂದು ಹೋಗುವಂಥದ್ದು. ಒತ್ತಾಯಕ್ಕೆ ಬರದು, ಆದರೆ ಕಾದು ಕೆಲಸ ಮಾಡಿದರೆ ಬರುತ್ತದೆ. ಆಟಗಾರನ ಫಾರ್ಮೂ ಹಾಗೇ ಅಲ್ವಾ? ‘ಡೇಕಾಸ್ ಇನ್ನೂ ಹದಕ್ಕೆ ಬಂದಿರಲಿಲ್ಲ, ಆದರೂ ಆಡಿಸಿದರು’ – ಈ ವಾಕ್ಯವನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ತೊಂದರೆ ಇರುವುದು ಎದುರು ಬದಿಯಲ್ಲಿ. ಹದ ಹೋದರೆ ‘ಹದಗೆಟ್ಟ’. ಈ ಪದ ಮಾತ್ರ ಪತ್ರಿಕೆಗಳಲ್ಲಿ ದಿನಾ ಬದುಕಿದೆ: ರಸ್ತೆ ಹದಗೆಟ್ಟಿದೆ, ಆರೋಗ್ಯ ಹದಗೆಟ್ಟಿದೆ, ಪರಿಸ್ಥಿತಿ ಹದಗೆಟ್ಟಿದೆ. ಒಳ್ಳೆಯ ಅರ್ಧವನ್ನು ಅಡುಗೆಮನೆಗೂ ಹೊಲಕ್ಕೂ ಬಿಟ್ಟು ಕೆಟ್ಟ ಅರ್ಧವನ್ನು ಮಾತ್ರ ಪೇಟೆಗೆ ತಂದಿದ್ದೇವೆ. ಈಗ ‘ಹದಗೆಟ್ಟ ಆಟಗಾರ’ ಅಂದರೆ ಓದುವವರು ಅವನು ಆಸ್ಪತ್ರೆ ಸೇರಿದ ಅಂದುಕೊಳ್ಳಬಹುದು, ಇಲ್ಲ ಚಟಕ್ಕೆ ಬಿದ್ದ ಅಂದುಕೊಳ್ಳಬಹುದು. ‘ಅವನ ಆಟ ಹದಗೆಟ್ಟಿದೆ’ ಅಂತ ಆಟದ ತಲೆಗೆ ಕಟ್ಟಿದರೆ ಪಾರಾಗಬಹುದೇ? ಇದು ನನ್ನ ಮೊದಲ ಪ್ರಶ್ನೆ.

‘ಫಾರ್ಮ್’ ಅಂತಲೇ ಇಟ್ಟುಕೊಂಡರೆ ಏನು ಗಂಟು ಹೋಗುತ್ತದೆ ಅಂತ ಕೇಳುವವರು ಇಲ್ಲಿದ್ದಾರೆ, ಬಲ್ಲೆ. ಅವರ ಮಾತಿನಲ್ಲೂ ಹುರುಳಿದೆ. ಈ ಆಟ ಹುಟ್ಟಿದ್ದೇ ಕ್ರಿಕೆಟ್ಟಿನವರ ಮನೆಯಲ್ಲಿ. ಚಳಿಗಾಲದಲ್ಲಿ ಕ್ರಿಕೆಟ್ ಆಟಗಾರರ ಮೈ ಜಡ್ಡು ಹಿಡಿಯಬಾರದು ಅಂತ ಕ್ರಿಕೆಟ್ಟಿಗ ಟಾಮ್ ವಿಲ್ಸ್ 1858ರಲ್ಲಿ ಪತ್ರಿಕೆಗೆ ಬರೆದ, ಮರುವರ್ಷ ಮೆಲ್ಬರ್ನ್ ಕ್ಲಬ್ಬಿನವರು ನಿಯಮ ಬರೆದರು. ಹಾಗಾಗಿ ಕ್ರಿಕೆಟ್ಟಿನ ಪದ ಕಡ ತಂದರೆ ತಪ್ಪೇನಿಲ್ಲ. ಆದರೆ ಮೂರು ಅರ್ಥಕ್ಕೆ ನಮ್ಮಲ್ಲಿ ಮೂರು ಮಾತು ಇರುವಾಗ ಒಂದರಲ್ಲೇ ಎಲ್ಲವನ್ನೂ ತುರುಕುವುದು ಸುಮ್ನೆ ಸೋಮಾರಿತನ ಅಂತ ನನಗೆ ಅನಿಸುತ್ತದೆ.

ಇನ್ನು ‘ಬಿಹೈಂಡ್’. ಇದು ಇನ್ನೂ ಮಜವಾಗಿದೆ.

ಮೈದಾನದ ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಎತ್ತರದವು, ಅವುಗಳ ನಡುವೆ ಒದ್ದರೆ ಗೋಲು, 6 ಅಂಕ. ಆಚೀಚೆ ಗಿಡ್ಡ ಕಂಬ. ಎತ್ತರದ ಕಂಬಕ್ಕೂ ಗಿಡ್ಡ ಕಂಬಕ್ಕೂ ನಡುವೆ ಹೋದರೆ ಬಿಹೈಂಡ್, 1 ಅಂಕ. ಆ ಫೈನಲಿನ ಲೆಕ್ಕ ಹೀಗಿತ್ತು: ಕಾಲಿಂಗ್‌ವುಡ್ 12 ಗೋಲು 18 ಬಿಹೈಂಡ್, ಒಟ್ಟು 90. ಬ್ರಿಸ್ಬೇನ್ 13 ಗೋಲು 8 ಬಿಹೈಂಡ್, ಒಟ್ಟು 86. ಇಲ್ಲಿ ಅಂಕವನ್ನು ‘ಹನ್ನೆರಡು, ಹದಿನೆಂಟು, ತೊಂಬತ್ತು’ ಅಂತ ಓದುತ್ತಾರೆ. ಮೊದಲ ಸಲ ಕೇಳಿದಾಗ ಯಾರೋ ತಪ್ಪು ಮಗ್ಗಿ ಹೇಳುತ್ತಿದ್ದಾರೆ ಅನಿಸಿತ್ತು.

ನೋಡಿದಿರಾ, ಗೋಲು ಜಾಸ್ತಿ ಹೊಡೆದವರು ಸೋತರು. 1897ಕ್ಕೆ ಮೊದಲಾಗಿದ್ದರೆ ಬಿಹೈಂಡ್ ಲೆಕ್ಕಕ್ಕೇ ಬರುತ್ತಿರಲಿಲ್ಲ, ಕಪ್ಪು ಬ್ರಿಸ್ಬೇನಿಗೆ ಹೋಗುತ್ತಿತ್ತು. ಹಿತ್ತಿಲಲ್ಲಿ ಜಗಳ ಬಿಸಿಯೇರಿದ್ದೂ ಇದೇ ವಿಷಯಕ್ಕೆ. ಒಬ್ಬರು ಹೇಳಿದ್ದು, 18 ಸಲ ಗುರಿ ತಪ್ಪಿದ್ದೇವೆ, ನೆಟ್ಟಗೆ ಒದ್ದಿದ್ದರೆ ಐದು ಗೋಲಿನ ಅಂತರ ಇರುತ್ತಿತ್ತು, ಇದೆಂಥ ಆಟ. ಅಜ್ಜನ ಉತ್ತರ, ಅವರಿಗೆ ಸಿಕ್ಕಿದ್ದು 21 ಅವಕಾಶ, ನಮಗೆ 30. ಚೆಂಡನ್ನು ಅಷ್ಟು ಸಲ ಅಲ್ಲಿಗೆ ಮುಟ್ಟಿಸಿದ್ದೇ ನಮ್ಮ ಆಟ.

ಈಗ ಅನುವಾದ ಮಾಡಿ ನೋಡೋಣ. ‘ತಪ್ಪಿದ ಗೋಲು’ ಅಂದರೆ ನಾನು ಮೊದಲನೆಯವರ ಪಕ್ಷ ಸೇರಿದೆ. ‘ಕಿರಿ ಅಂಕ’ ಅಂದರೆ ಅಜ್ಜನ ಪಕ್ಷ. ‘ಹಿಂದೆ’ ಅಂತ ಪದಕ್ಕೆ ಪದ ಇಟ್ಟರೆ ಬ್ರಿಸ್ಬೇನ್ 8 ಅಂಕ ಹಿಂದಿದೆ ಅಂತ ಅರ್ಥವಾಗುತ್ತದೆ. ಯಾರ ಕಡೆಗೂ ವಾಲದ ಪದ ಬೇಕು.

ನನ್ನ ಸಲಹೆ ‘ಬದಿ’. ಗೋಲುಗಂಬ, ಬದಿಗಂಬ. 12 ಗೋಲು, 18 ಬದಿ. ಚೆಂಡು ಎಲ್ಲಿ ಹೋಯಿತು ಅಂತ ಮಾತ್ರ ಹೇಳುತ್ತದೆ, ಬೈಯುವುದೂ ಇಲ್ಲ ಹೊಗಳುವುದೂ ಇಲ್ಲ. ನನ್ನ ಹೆಂಡತಿಗೆ ಇದು ಸಪ್ಪೆ ಅನಿಸಿತು. ಅವಳು ಕೊಟ್ಟ ಪದ ‘ಚಿಲ್ಲರೆ’. ‘ನೋಟು ಅವರ ಹತ್ತಿರ ಒಂದು ಜಾಸ್ತಿ ಇತ್ತು, ಇವರು ಚಿಲ್ಲರೆ ಕೂಡಿಸಿ ಗೆದ್ದರು’ ಅಂದಳು. ಮಾತಿಗೆ ಇದನ್ನು ಮೀರಿಸುವುದು ಕಷ್ಟ. ಬರಹಕ್ಕೆ ಬದಿ, ಹರಟೆಗೆ ಚಿಲ್ಲರೆ ಅಂತ ಸದ್ಯಕ್ಕೆ ಮನೆಯಲ್ಲಿ ರಾಜಿಯಾಗಿದೆ. ಗೋಲು ತಪ್ಪಿಸಲು ಕಾಯುವವರೇ ಚೆಂಡನ್ನು ಬದಿಗೆ ತಳ್ಳಿ ಒಂದು ಅಂಕ ಬಿಟ್ಟುಕೊಡುವುದೂ ಉಂಟು. ‘ಚಿಲ್ಲರೆ ಕೊಟ್ಟು ಕಳಿಸಿದರು’ ಅನ್ನಬಹುದಲ್ಲ!

ಉಳಿದವು ಚಿಕ್ಕವು.

ಒಬ್ಬ ಆಟಗಾರ ಎಷ್ಟು ಸಲ ಒದ್ದ, ಎಷ್ಟು ಸಲ ಗುದ್ದಿ ದಾಟಿಸಿದ ಅನ್ನುವುದನ್ನು ಕೂಡಿಸಿ ‘ಡಿಸ್ಪೋಸಲ್’ ಅನ್ನುತ್ತಾರೆ. 30 ಆದರೆ ಭಾರಿ ಆಟ. ಕಂಪ್ಯೂಟರಿನ ಅನುವಾದ ‘30 ವಿಲೇವಾರಿ’ ಅಂತ ಕೊಟ್ಟಿತು. ನನ್ನ ಕಣ್ಣ ಮುಂದೆ ತಾಲ್ಲೂಕು ಕಚೇರಿಯ ಕಡತ ಬಂದು ನಿಂತಿತು. ‘30 ಸಲ ಚೆಂಡು ದಾಟಿಸಿದ’ ಸಾಕು.

ಗಾಳಿಯಲ್ಲಿ ಬಂದ ಒದೆತದ ಚೆಂಡನ್ನು ನೇರವಾಗಿ ಹಿಡಿದರೆ ‘ಮಾರ್ಕ್’. ಒದೆತ ಕನಿಷ್ಠ 15 ಮೀಟರ್ ಬಂದಿರಬೇಕು, ನಡುವೆ ಯಾರೂ ಮುಟ್ಟಿರಬಾರದು. ಹಿಡಿದವನನ್ನು ಆಮೇಲೆ ಯಾರೂ ಕೆಡವುವಂತಿಲ್ಲ. ಅಮ್ಮನಿಗೆ ಫೋನಿನಲ್ಲಿ ‘ಅವನು ಇವತ್ತು ಹತ್ತು ಮಾರ್ಕ್ ತಗೊಂಡ’ ಅಂದೆ. ‘ಹತ್ತೇನಾ? ಎಷ್ಟಕ್ಕೆ?’ ಅಂದರು. ಅದಕ್ಕೇ ‘ಹಿಡಿತ’ ಅಂತ ಬರೆಯುತ್ತಿದ್ದೇನೆ. ‘ಕ್ಯಾಚ್’ ಅಂದರೆ ನಮ್ಮವರು ಔಟಾಯಿತೇ ಅಂತ ಕೇಳುತ್ತಾರೆ.

ಎದುರಾಳಿಯ ಒಳ್ಳೆಯ ಆಟಗಾರನ ಬೆನ್ನಿಗೆ ಒಬ್ಬನನ್ನು ಅಂಟಿಸುವುದು ‘ಟ್ಯಾಗ್’. ‘ಬೆನ್ನಟ್ಟು’ ಅನ್ನುವುದನ್ನು ಕ್ರಿಕೆಟ್ಟಿನವರು ರನ್ನಿಗೆ ಬಳಸಿ ಮುಗಿಸಿದ್ದಾರೆ. ‘ಅವನಿಗೊಂದು ಕಾವಲು ಹಾಕಿದರು’ ಅಂದರೆ ಹೇಗೆ? 2023ರ 21ನೇ ಸುತ್ತಿನಲ್ಲಿ ಹಾಥಾರ್ನ್ ತಂಡ ಡೇಕಾಸ್‌ಗೆ ಫಿನ್ ಮ್ಯಾಗಿನೆಸ್‌ನ ಕಾವಲು ಹಾಕಿತ್ತು. ಡೇಕಾಸ್ ಇಡೀ ಆಟದಲ್ಲಿ ಚೆಂಡು ದಾಟಿಸಿದ್ದು 5 ಸಲ. ಮಂಡಿಗೆ ಪೆಟ್ಟಾದದ್ದೂ ಅದೇ ಪಂದ್ಯದಲ್ಲಿ. ಕಟ್ಟಿಹಾಕಿದ್ದು ಕಾವಲೋ ಮಂಡಿಯೋ ಅಂತ ಅಜ್ಜನ ಹಿತ್ತಿಲಲ್ಲಿ ಇನ್ನೂ ತೀರ್ಮಾನವಾಗಿಲ್ಲ.

ದೊಡ್ಡ ತಪ್ಪಿಗೆ ಇಲ್ಲಿ ‘ಕ್ಲ್ಯಾಂಗರ್’ ಅನ್ನುತ್ತಾರೆ, ಅಂಕಿಅಂಶದಲ್ಲಿ ಅದಕ್ಕೂ ಒಂದು ಕಾಲಂ ಇದೆ. ‘ಎಡವಟ್ಟು’ ಅನ್ನುವ ಪದ ಇದಕ್ಕೆಂದೇ ಹುಟ್ಟಿದ ಹಾಗಿದೆ, ಚರ್ಚೆ ಬೇಡ.

ಒಂದು ಕಡೆ ಮಾತ್ರ ಕನ್ನಡಕ್ಕೆ ಏನೂ ತೊಡಕಿಲ್ಲ. ಇಲ್ಲಿ ಹೊಸಬರನ್ನು ಕಂಡರೆ ಮೊದಲು ಕೇಳುವುದು ಯಾವ ತಂಡಕ್ಕೆ ‘ಬ್ಯಾರಕ್’ ಮಾಡುತ್ತೀಯ ಅಂತ. ‘ನೀವು ಯಾರ ಕಡೆ?’ ಅಂದರೆ ಆಯಿತು. ಮದುವೆಮನೆಯಲ್ಲಿ ಕೇಳುವುದೂ ಇದನ್ನೇ.

ಕೊನೆಯದಾಗಿ, ಗರಡಿಮನೆ ಮತ್ತು ಕಬಡ್ಡಿಯ ಮಾತು ಬಲ್ಲವರಿಗೆ ಒಂದು ವಿನಂತಿ. ಪೈಲ್ವಾನ ಚೆನ್ನಾಗಿ ತಯಾರಾಗಿದ್ದಾನೆ, ಈಗ ಮಣ್ಣಿಗಿಳಿಸಬಹುದು ಅನ್ನುವುದಕ್ಕೆ ಮೈಸೂರು ಕಡೆ, ಧಾರವಾಡ ಕಡೆ ಉಸ್ತಾದರು ಏನೆನ್ನುತ್ತಾರೆ? ಅಲ್ಲೂ ‘ಹದ’ ಇದೆಯಾ, ಅಥವಾ ಬೇರೆ ಮಾತಿದೆಯಾ? ಅಣ್ಣನ ಮಗ ಶನಿವಾರ ಫೋನ್ ಮಾಡುತ್ತಾನೆ, ಅಷ್ಟರೊಳಗೆ ಯಾರಾದರೂ ಬರೆದರೆ ಉಪಕಾರ.