ಪೊಲೀಸ್ ಏನಂದ ಗೊತ್ತಾ?

ಕಾಲೇಜು ಬಿಟ್ಟ ಮೇಲೆ ನಾವು ಸಿಗುತ್ತಿದ್ದದ್ದು ಮದುವೆಮನೆಗಳಲ್ಲಿ ಮಾತ್ರ. ಮೊದಲು ನಮ್ಮ ಮದುವೆ, ಆಮೇಲೆ ಮಕ್ಕಳ ಮದುವೆ. ಪಕ್ಕದ ಎಲೆಗೆ ಕೂತು "ಏನೋ, ಕೂದಲೆಲ್ಲ ಎಲ್ಲಿಗೆ ಹೋಯ್ತೋ?" ಅಂತ ಕೇಳುವಷ್ಟರಲ್ಲಿ ಹೋಳಿಗೆ ಬಂದುಬಿಡುತ್ತಿತ್ತು. ಹೋಳಿಗೆ ಮುಂದೆ ಗೆಳೆತನ ಎಷ್ಟರದು? ಹೀಗಿದ್ದ ನಮ್ಮನ್ನು, ಅಂದರೆ ಮೈಸೂರಿನ ಯುವರಾಜ ಕಾಲೇಜಿನಿಂದ 1976ರಲ್ಲಿ ಬಿಎಸ್ಸಿ ಮುಗಿಸಿ ಹೊರಬಿದ್ದ ಹನ್ನೊಂದು ಜನರನ್ನು, ವಾರವಾರ ಎದುರುಬದುರು ಕೂರಿಸಿದ್ದು ಕೊರೊನಾ.

ವಾಟ್ಸಾಪ್ ಗುಂಪು ಮೊದಲೇ ಇತ್ತು. ಗುಲಾಬಿ ಹೂವಿನ ಶುಭೋದಯ, ಹೋದವರಿಗೆ ಓಂ ಶಾಂತಿ, ಇಷ್ಟೇ. 2020ರ ಮಾರ್ಚ್ 22ರ ಜನತಾ ಕರ್ಫ್ಯೂ ಸಂಜೆ ಐದಕ್ಕೆ ಎಲ್ಲರೂ ತಟ್ಟೆ ಬಡಿದ ವಿಡಿಯೊ ಹಾಕಿದರು. ನಾಣಿ ಬಡಿದದ್ದು ಹೆಂಡತಿ ತವರಿನಿಂದ ತಂದ ಬೆಳ್ಳಿ ತಟ್ಟೆ. ಅದೂ ಸೌಟಿನಲ್ಲಿ. ದೇಶಕ್ಕಿಂತ ಮೊದಲೇ ಅವನಿಗೆ ಮನೆಯಲ್ಲಿ ಲಾಕ್‌ಡೌನ್ ಆಯಿತು.

ವಾಟ್ಸಾಪ್‌ನಲ್ಲಿ ಆಗ ಒಟ್ಟಿಗೆ ನಾಲ್ಕೇ ಜನ ಮಾತಾಡಬಹುದಿತ್ತು. ಏಪ್ರಿಲ್ ಕೊನೆಗೆ ಎಂಟು ಮಾಡಿದರು. ಉಳಿದ ಮೂವರು ಯಾರು ಅನ್ನುವುದೇ ಜಗಳ. ಕೊನೆಗೆ ನಾಣಿಯ ಮೊಮ್ಮಗ, ಅವನ ಆನ್‌ಲೈನ್ ಕ್ಲಾಸು ನಡೆಯುತ್ತಿದ್ದ ಜೂಮ್‌ಗೇ ನಮ್ಮನ್ನೂ ಸೇರಿಸಿದ. ಪುಕ್ಕಟೆ, ಆದರೆ ನಲವತ್ತು ನಿಮಿಷಕ್ಕೆ ಕಟ್. ಮತ್ತೆ ಅದೇ ಲಿಂಕ್ ಒತ್ತಿದರೆ ಇನ್ನೊಂದು ನಲವತ್ತು ನಿಮಿಷ ಸಿಗುತ್ತದೆ ಅಂತಲೂ ಹೇಳಿಕೊಟ್ಟ. ಎರಡನೇ ಕಂತಿಗೆ ಬರುತ್ತಿದ್ದವರು ಮೂರೋ ನಾಲ್ಕೋ ಜನ. ಉಳಿದವರಿಗೆ ಊಟ, ಮಾತ್ರೆ, ನಿದ್ದೆ.

ಮೊದಲ ಭಾನುವಾರ ರಾತ್ರಿ ಎಂಟಕ್ಕೆ ತೆರೆ ತೆರೆದರೆ ಒಂದು ಚೌಕದಲ್ಲಿ ಫ್ಯಾನು ತಿರುಗುತ್ತಿತ್ತು. ಅದು ಬೆಂಗಳೂರಿನ ಮೂರ್ತಿ. ಇನ್ನೊಂದರಲ್ಲಿ ಬರೀ ಕತ್ತಲೆ, ಜೀರುಂಡೆ ಸದ್ದು. ಅದು ತಿಪಟೂರು ಕಡೆಯ ತೋಟದ ರುದ್ರ. ಅವನಿಗೆ ನೆಟ್‌ವರ್ಕ್ ಸಿಗುವುದು ನೀರಿನ ಟ್ಯಾಂಕಿನ ಮೇಲೆ. ನ್ಯೂಜೆರ್ಸಿಯಲ್ಲಿ ಬೆಳಿಗ್ಗೆ ಹತ್ತೂವರೆ, ಶೀನ ಹೆಗಲ ಮೇಲೆ ಮಗು ಹಾಕಿಕೊಂಡು ಕೂತಿದ್ದ. ಮಗಳ ಬಾಣಂತನಕ್ಕೆ ಅಂತ ಗಂಡ ಹೆಂಡತಿ ಜನವರಿಯಲ್ಲಿ ಹೋದವರು. ಮಾರ್ಚ್‌ನಲ್ಲಿ ವಿಮಾನ ನಿಂತವು. ಅಲ್ಲೇ ಸಿಕ್ಕಿಕೊಂಡರು.

"ಎಲ್ಲರೂ ಒಟ್ಟಿಗೆ ಮಾತಾಡಬೇಡಿ. ಮೂರ್ತಿಯವರೇ, ಮ್ಯೂಟ್ ಮಾಡಿ" ಅಂದರು ಸುಗುಣ. ದಾವಣಗೆರೆಯಲ್ಲಿ ಗಣಿತ ಲೆಕ್ಚರರ್ ಆಗಿ ನಿವೃತ್ತರಾದವರು. ನಮ್ಮ ಕಾಲದಲ್ಲಿ ಹುಡುಗಿಯರು ಮುಂದಿನ ಬೆಂಚು, ನಾವು ಹಿಂದಿನದು. ಮಧ್ಯೆ ಮೂರು ವರ್ಷದ ಮೌನ.

"ನೋಡಿ ಸುಗುಣ ಅವರೇ, ಕಾಲೇಜಲ್ಲಿ ನಿಮ್ಮ ಹತ್ತಿರ ಒಂದು ಮಾತಾಡೋಕೆ ಧೈರ್ಯ ಇರಲಿಲ್ಲ. ಈಗ ಧೈರ್ಯ ಮಾಡಿ ಬಾಯಿ ಬಿಟ್ಟರೆ ಮ್ಯೂಟ್ ಅಂತೀರಲ್ಲ" ಅಂದ ಮೂರ್ತಿ.

"ಆಗ ನೀವು ಮಾತಾಡಿದ್ದರೂ ಅದನ್ನೇ ಅಂತಿದ್ದೆ. ಬಟನ್ ಇರಲಿಲ್ಲ, ಅಷ್ಟೇ."

ಮೂರ್ತಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಪ್ರತಿ ಗುಂಪಿಗೂ ಒಬ್ಬ ಡಾಕ್ಟರ್ ಇರುತ್ತಾನಲ್ಲ, ಎಂಬಿಬಿಎಸ್ ಓದದವನು, ಅವನೇ ಇವನು. ಆಯುಷ್ ಸಚಿವಾಲಯ ದಿನಕ್ಕೆ ಒಂದೆರಡು ಸಲ ಕಷಾಯ ಕುಡಿಯಿರಿ ಅಂದರೆ ಇವನು ಐದು ಸಲ ಕುಡಿದು ಎದೆಯುರಿ ತಂದುಕೊಂಡ. ಅದು ಹೊಸ ಲಕ್ಷಣ ಅಂತ ನಮಗೆಲ್ಲ ಮೆಸೇಜ್ ಕಳಿಸಿದ. ಆ ಏಪ್ರಿಲ್‌ನಲ್ಲೇ ವಾಟ್ಸಾಪ್‌ನವರು, ತುಂಬಾ ಸಲ ಕೈ ಬದಲಾಗಿ ಬಂದ ಮೆಸೇಜನ್ನು ಒಂದು ಸಲಕ್ಕೆ ಒಬ್ಬರಿಗೇ ಕಳಿಸಬೇಕು ಅಂತ ಕಟ್ಟು ಮಾಡಿದರು. ಮೂರ್ತಿಗೆ ಎಷ್ಟು ಬೇಜಾರಾಯಿತೆಂದರೆ ಒಂದು ವಾರ ಹೆಬ್ಬೆರಳಿಗೆ ವಿಶ್ರಾಂತಿ ಕೊಟ್ಟ.

ಅವನೇ ಇನ್ನೊಂದು ದಿನ ಗಾಬರಿಯಿಂದ ಬಂದ. "ಲೇ, ಜೂಮ್ ಸೇಫ್ ಅಲ್ವಂತೆ! ಗೃಹ ಸಚಿವಾಲಯನೇ ಹೇಳಿದೆ. ನಮ್ಮ ಮಾತೆಲ್ಲ ಯಾರೋ ಕದ್ದು ಕೇಳಬಹುದಂತೆ."

"ಕೇಳಲಿ ಬಿಡೋ" ಅಂದ ನಾಣಿ. "ನಿನ್ನ ಶುಗರ್ ಎಷ್ಟು, ರುದ್ರನ ಕೊಬ್ಬರಿ ಯಾಕೆ ಹೋಗಿಲ್ಲ, ಇಷ್ಟು ತಾನೆ? ಹಾಗೆ ಕೇಳೋರು ಯಾರಾದ್ರೂ ಇದ್ದರೆ ಮುಂದಿನ ವಾರದಿಂದ ಅವರನ್ನೂ ಸೇರಿಸ್ಕೊಳ್ಳೋಣ. ನಮ್ಮ ಹೆಂಡ್ತೀರಂತೂ ಕೇಳೋದಿಲ್ಲ."

"ಕೊಬ್ಬರಿ ವಿಷಯ ಯಾರಿಗೂ ಹೇಳಬೇಡಿ ಮತ್ತೆ" ಅಂತ ಕತ್ತಲೆಯಿಂದ ದನಿ ಬಂತು. "ರೇಟ್ ಇನ್ನೂ ಇಳಿಸ್ತಾರೆ."

ಇನ್ನು ನಾಣಿಯ ಕಥೆ. ಬ್ಯಾಂಕ್ ಮ್ಯಾನೇಜರ್ ಆಗಿದ್ದವನು, ಯಾವುದನ್ನೂ ಬುಡದಿಂದ ಶುರು ಮಾಡದಿದ್ದರೆ ಸಮಾಧಾನವಿಲ್ಲ. ಒಂದು ರಾತ್ರಿ ಅವನೂ ಶೀನನೂ ಸೆಕೆಂಡ್ ಶೋ ಮುಗಿಸಿ ಡಬಲ್ಸ್ ಬರುತ್ತಿದ್ದಾಗ ಬಲ್ಲಾಳ್ ಸರ್ಕಲ್ ಹತ್ತಿರ ಪೊಲೀಸ್ ಹಿಡಿದದ್ದು. ಸೈಕಲ್‌ಗೆ ಲೈಟಿಲ್ಲ, ಮೇಲೆ ಡಬಲ್ಸ್. ಆಗ ಅದೇ ದೊಡ್ಡ ಅಪರಾಧ. ನಾಣಿ ಈ ಕಥೆಯನ್ನು ಸೈಕಲ್ ಬಾಡಿಗೆ ಗಂಟೆಗೆ ಎಷ್ಟು ಅನ್ನುವಲ್ಲಿಂದ ಶುರು ಮಾಡುತ್ತಿದ್ದ. ಆಮೇಲೆ ಸೈಕಲ್ ಅಂಗಡಿಯವನ ಸಂಸಾರ. ಆಮೇಲೆ ಇಂಟರ್‌ವೆಲ್‌ನಲ್ಲಿ ತಿಂದ ಕಡಲೆಕಾಯಿ. ಅಂತೂ ಇಂತೂ ಸರ್ಕಲ್‌ಗೆ ಬಂದು "ಆ ಪೊಲೀಸ್ ಶೀನನ ಕೊರಳಪಟ್ಟಿ ಹಿಡಿದು ಏನಂದ ಗೊತ್ತಾ?" ಅನ್ನುತ್ತಿದ್ದ ಹಾಗೇ ಮೊಬೈಲ್ ಖಾಲಿ. ನಲವತ್ತು ನಿಮಿಷ.

ಮುಂದಿನ ವಾರ "ಎಲ್ಲಿಗೆ ಬಂದಿದ್ವಿ?" ಅಂತ ಕೇಳಿ, ಅವನಿಗೆ ನೆನಪಾಗದೆ, ಮತ್ತೆ ಬಾಡಿಗೆಯಿಂದ ಶುರು. ನಮಗೋ ಕುತೂಹಲ. ಊರಿಡೀ ಮಾಸ್ಕ್ ಹಾಕಿ, ತರಕಾರಿಗೆ ಉಪ್ಪುನೀರಿನ ಸ್ನಾನ ಮಾಡಿಸುತ್ತ ಕೂತಿದ್ದ ಆ ದಿನಗಳಲ್ಲಿ ನಾಳೆ ಏನಾಗುತ್ತೆ ಅನ್ನುವುದಕ್ಕಿಂತ ಆ ಪೊಲೀಸ್ ಏನಂದ ಅನ್ನುವುದೇ ಜಾಸ್ತಿ ಕಾಡುತ್ತಿತ್ತು. ಶೀನನನ್ನು ಬೇರೆಯಾಗಿ ಕೇಳಿದರೆ "ನಂಗೆ ನೆನಪಿಲ್ಲ ಕಣೋ, ನಾನು ಅಳ್ತಿದ್ದೆ" ಅಂದ. ಸುಗುಣ ಅವರಂತೂ "ನಾಣಿಯವರೇ, ಕೊನೆಯಿಂದ ಶುರು ಮಾಡಿ" ಅಂತ ಬೇಡಿಕೊಂಡರು. "ಹಾಗೆ ಹೇಳಿದರೆ ಅರ್ಥ ಆಗಲ್ಲ" ಅಂದ.

ನವೆಂಬರ್‌ನಲ್ಲಿ ಶೀನನಿಂದ ಸುದ್ದಿ ಬಂತು. 26ನೇ ತಾರೀಕು ಅಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಆ ದಿನಕ್ಕೆ ಜೂಮ್‌ನವರು ನಲವತ್ತು ನಿಮಿಷದ ಮಿತಿ ತೆಗೆದಿದ್ದಾರೆ. ಎಷ್ಟು ಹೊತ್ತಾದರೂ ಮಾತಾಡಬಹುದು!

ಗುರುವಾರ ಆದರೂ ಹನ್ನೊಂದು ಜನವೂ ಬಂದರು. ಕೆಲವರು ಊಟ ಮುಗಿಸಿಕೊಂಡೇ ಬಂದಿದ್ದರು. ರುದ್ರ ಟ್ಯಾಂಕಿನ ಮೇಲಕ್ಕೆ ಕಂಬಳಿ, ಫ್ಲಾಸ್ಕ್ ಸಾಗಿಸಿದ್ದ. ನಾಣಿ ಶುರು ಮಾಡಿದ. ಬಾಡಿಗೆ, ಅಂಗಡಿಯವನು, ಕಡಲೆಕಾಯಿ, ಸರ್ಕಲ್.

"ಆ ಪೊಲೀಸ್ ಏನಂದ ಗೊತ್ತಾ?"

ನಾವೆಲ್ಲ ಮೊಬೈಲಿಗೆ ಮೂಗು ತಾಗಿಸಿದೆವು. ಕಟ್ ಆಗಲಿಲ್ಲ.

"'ಹೋಗ್ರಪ್ಪ, ಮನೆಗೆ ಹೋಗಿ' ಅಂದ."

ಯಾರೂ ಮಾತಾಡಲಿಲ್ಲ. ನ್ಯೂಜೆರ್ಸಿಯಲ್ಲಿ ಮಗು ತೇಗಿತು.

"ಅಷ್ಟೇನಾ?" ಅಂದ ಮೂರ್ತಿ.

"ಇನ್ನೇನು, ಗಲ್ಲಿಗೆ ಹಾಕಬೇಕಿತ್ತಾ?"

"ಏಳು ತಿಂಗಳು ಕಣೋ! ಏಳು ತಿಂಗಳು ಟ್ಯಾಂಕ್ ಹತ್ತಿ ಇಳಿದಿದ್ದೀನಿ, ಇದಕ್ಕಾ?" ಅಂದ ರುದ್ರ.

ಆಮೇಲೆ ಸಮಯವೇನೋ ಬೇಕಾದಷ್ಟಿತ್ತು, ಮಾತು ಮಾತ್ರ ಇರಲಿಲ್ಲ. ಒಬ್ಬರ ಮುಖ ಒಬ್ಬರು ನೋಡುತ್ತ ಕೂತೆವು. "ಮತ್ತೆ?" ಅಂದ ಒಬ್ಬ. "ಮತ್ತೇನಿಲ್ಲ" ಅಂದ ಇನ್ನೊಬ್ಬ. ಹೊರಟರೆ ಏನಂದುಕೊಳ್ಳುತ್ತಾರೋ ಅಂತ ಎಲ್ಲರಿಗೂ ಸಂಕೋಚ. ತಾನಾಗಿ ಕಟ್ ಆಗುವಾಗ ಈ ಫಜೀತಿ ಇರಲಿಲ್ಲ ನೋಡಿ. ಕೊನೆಗೆ ನಾನೇ ಕುಕ್ಕರ್ ಕೂಗ್ತಿದೆ ಅಂತ ಸುಳ್ಳು ಹೇಳಿ ಎದ್ದೆ. ರಾತ್ರಿ ಹತ್ತಕ್ಕೆ ಯಾವ ಕುಕ್ಕರ್ ಅಂತ ಯಾರೂ ಕೇಳಲಿಲ್ಲ.

ಇಷ್ಟಾದ ಮೇಲೂ ಶೀನನ ಅಳಿಯ ದುಡ್ಡು ಕಟ್ಟುವ ಪ್ಲಾನ್ ತೆಗೆದುಕೊಡುತ್ತೇನೆ ಅಂದನಂತೆ. ತಿಂಗಳಿಗೆ 15 ಡಾಲರ್. ನಾಣಿ ತಕ್ಷಣ ಲೆಕ್ಕ ಹಾಕಿದ. "ಅಳಿಯನ ಋಣ ಬೇಡ. ತಲೆಗೆ ನೂರು ರೂಪಾಯಿ ಚಿಲ್ಲರೆ ಬರುತ್ತೆ. ಹಾಕೋಣವಾ?"

"ನೂರಲ್ಲ, ಸಾವಿರ ಬೇಕಾದ್ರೂ ಕೊಡ್ತೀನಿ" ಅಂದರು ಸುಗುಣ. "ನಲವತ್ತನ್ನ ಮೂವತ್ತು ಮಾಡೋ ಪ್ಲಾನ್ ಇದ್ದರೆ ಹೇಳಿ."

ಪುಕ್ಕಟೆಯದೇ ಮುಂದುವರಿಯಿತು.

2021ರ ಮಾರ್ಚ್ ಒಂದರಿಂದ ಅರವತ್ತು ದಾಟಿದವರಿಗೆ ಲಸಿಕೆ ಶುರುವಾಯಿತು. ನಮ್ಮ ವಯಸ್ಸಿನಿಂದ ಲಾಭ ಆದದ್ದು ಅದೇ ಮೊದಲು. ಶೀನನೂ ಅದೇ ತಿಂಗಳು ವಾಪಸು ಬಂದ. ಬಾಣಂತನಕ್ಕೆ ಹೋದವನು ವರ್ಷದ ಹುಟ್ಟುಹಬ್ಬದ ಕೇಕ್ ತಿಂದು ಬಂದ. ಆಮೇಲೆ ಬಂತಲ್ಲ ಎರಡನೇ ಅಲೆ, ಆಗ ಯಾರಿಗೂ ಹರಟೆ ಬೇಕಿರಲಿಲ್ಲ. ಗುಂಪಿನಲ್ಲಿ ಗುಲಾಬಿ ಹೂವು ನಿಂತವು. ಬೆಳಿಗ್ಗೆ ಎದ್ದು ಎಲ್ಲರೂ ಆಕ್ಸಿಮೀಟರ್‌ನ ನಂಬರ್ ಮಾತ್ರ ಹಾಕುತ್ತಿದ್ದರು. 97, 98, 96. ಒಂದು ದಿನ ರುದ್ರ 72 ಅಂತ ಹಾಕಿದ. ಹತ್ತು ಮನೆಯಿಂದ ಹತ್ತು ಫೋನು. ಸುಗುಣ ಅಳುತ್ತಲೇ ಮಾಡಿದರಂತೆ. ಅವನು ನಾಡಿಯ ನಂಬರ್ ನೋಡಿ ಹಾಕಿದ್ದ. ಅವತ್ತು ಅವನಿಗೆ ಬಿದ್ದ ಬೈಗುಳ ಸುಗುಣ ಅವರದೇ ಜಾಸ್ತಿ, ಅದೂ ಏಕವಚನದಲ್ಲಿ. "ನೀನೂ ಒಬ್ಬ ಬಿಎಸ್ಸಿನಾ?" ಅಂದರು. ಅಂದಿನಿಂದ ಎಲ್ಲರಿಗೂ ಏಕವಚನವೇ.

ಭಾನುವಾರದ ಕೂಟ ಈಗಲೂ ನಡೆಯುತ್ತದೆ. ಮೈಸೂರಿನಲ್ಲಿ ಎಲ್ಲರೂ ಸೇರೋಣ ಅಂತ ಮಾತು ಬರುತ್ತದೆ, ಯಾರ ಮಂಡಿ ನೋವಿಗೆ ಯಾವ ತಿಂಗಳು ಆಗಿಬರುತ್ತದೆ ಅನ್ನುವಲ್ಲಿಗೆ ನಿಲ್ಲುತ್ತದೆ. ರುದ್ರನ ಮಗ ತೋಟದ ಮನೆಗೆ ಫೈಬರ್ ಲೈನ್ ಎಳೆಸಿದ. ಮೊದಲ ಸಲ ಅವನ ಮುಖ ಬೆಳಕಿನಲ್ಲಿ ಕಂಡಿತು. ಹಿಂದೆ ಸೋಫಾ, ಕ್ಯಾಲೆಂಡರ್, ಬಟಾಣಿ ಬಿಡಿಸುತ್ತ ಅವನ ಹೆಂಡತಿ. ನಲವತ್ತು ನಿಮಿಷವೂ ಅವನು "ಹೂಂ", "ಹೌದು" ಬಿಟ್ಟು ಏನೂ ಅನ್ನಲಿಲ್ಲ. ಆಚೆ ವಾರ ನೋಡಿದರೆ ಚೌಕದಲ್ಲಿ ಮತ್ತೆ ಕತ್ತಲೆ, ಜೀರುಂಡೆ.

"ಯಾಕೋ, ಫೈಬರ್ ಹಾಳಾಯ್ತಾ?" ಅಂದೆ.

"ಚೆನ್ನಾಗೇ ಇದೆ. ಅದಕ್ಕೇ ಮೇಲೆ ಬಂದೆ" ಅಂದ ರುದ್ರ.