ತಳಿಯೋ, ಒಳಬಗೆಯೋ? ಲೈಮ್ ರೋಗಾಣುವಿನ ಬಗ್ಗೆ ಒಂದು ಪದಪ್ರಶ್ನೆ

ಬಲ್ಲವರಿಗೆ ಕಾಸರಗೋಡಿನಿಂದ ನಮಸ್ಕಾರ.

ಇಲ್ಲಿನ ಕನ್ನಡ ಮಾಧ್ಯಮ ಶಾಲೆಯೊಂದರ ವಿಜ್ಞಾನ ಸಂಘಕ್ಕಾಗಿ ಉಣುಂಗು (ಟಿಕ್ ಎಂಬ ರಕ್ತ ಹೀರುವ ಹುಳ) ಕಚ್ಚುವುದರಿಂದ ತಗಲುವ ಲೈಮ್ ರೋಗದ ಕುರಿತು ಕಿರುಬರಹವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಅದರಲ್ಲಿ ‘ಸ್ಟ್ರೈನ್’ (ಒಂದೇ ಪ್ರಭೇದದೊಳಗಿನ ಭಿನ್ನ ಬಗೆ) ಎಂಬುದಕ್ಕೆ ಯಾವ ಪದ ಹೊಂದೀತು ಎಂಬ ವಿಷಯದಲ್ಲಿ ತಮ್ಮ ಅಭಿಪ್ರಾಯ ಬೇಕಾಗಿದೆ.

1982ರಲ್ಲಿ ವಿಲ್ಲಿ ಬರ್ಗ್‌ಡಾರ್ಫರ್ ಮತ್ತು ಸಂಗಡಿಗರು ವರದಿ ಮಾಡಿದ, ಮುಂದೆ ಬೊರೇಲಿಯಾ ಬರ್ಗ್‌ಡಾರ್ಫೆರಿ ಎಂದು ಅವರ ಹೆಸರನ್ನೇ ಪಡೆದ ಈ ಸುರುಳಿ ಬ್ಯಾಕ್ಟೀರಿಯಾ ಅಮೆರಿಕದ ಈಶಾನ್ಯ ಭಾಗದಲ್ಲಿ ಮುಖ್ಯವಾಗಿ ಬಿಳಿಗಾಲಿನ ಕಾಡಿಲಿಯ ಮೈಯಲ್ಲಿ ನೆಲೆಸಿರುತ್ತದೆ. ಇಲಿಯ ರಕ್ತ ಹೀರಿದ ಉಣುಂಗಿನ ಮರಿಗೆ ದಾಟಿ, ಅದು ಬೆಳೆದು ಮತ್ತೊಮ್ಮೆ ಕಚ್ಚುವಾಗ ಮನುಷ್ಯನಿಗೂ ತಗಲುತ್ತದೆ. ಇದರ ಹೊರಪೊರೆಯ ಓಸ್ಪ್‌ಸಿ ಎಂಬ ಪ್ರೊಟೀನಿನ ಜೀನ್ ಎಲ್ಲದರಲ್ಲೂ ಒಂದೇ ತೆರನಾಗಿಲ್ಲ. ಒಂದು ತೆರನಾದುದರ ವಿರುದ್ಧ ಇಲಿಯಲ್ಲಿ ಹುಟ್ಟಿದ ಪ್ರತಿಕಾಯ ಇನ್ನೊಂದನ್ನು ಸಾಮಾನ್ಯವಾಗಿ ತಡೆಯುವುದಿಲ್ಲವಾದ್ದರಿಂದ ಒಂದೇ ಇಲಿಯಲ್ಲಿ ಹಲವು ಒಟ್ಟಿಗೆ ಇರಬಲ್ಲವು. ಈ ‘ಹಲವು’ ಎಂಬುದರ ಮುಂದೆ ಬರಬೇಕಾದ ನಾಮಪದವೇ ನನ್ನ ತೊಡಕು.

ಮೊದಲು ‘ಹಲವು ತಳಿಗಳು’ ಎಂದೇ ಬರೆದಿದ್ದೆ. ಆದರೆ ಕಾಸರಗೋಡಿನಲ್ಲಿ ತಳಿ ಎಂದರೆ ತೋಟ ಮತ್ತು ಹಟ್ಟಿಯ ಮಾತು: ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ (ಸಿಪಿಸಿಆರ್‌ಐ) ಬಿಡುಗಡೆ ಮಾಡಿದ ‘ಮಂಗಳ’ ಅಡಿಕೆ ಒಂದು ತಳಿ, ಕಾಸರಗೋಡು ಗಿಡ್ಡ ದನ ಇನ್ನೊಂದು. ಬರಹವನ್ನು ಓದಿ ಹೇಳಿದಾಗ ನೆರೆಮನೆಯ ಮಾವ, “ಇದನ್ನು ಬಿಡುಗಡೆ ಮಾಡಿದ್ದು ಯಾರಪ್ಪ?” ಎಂದು ನಕ್ಕರು. ಯಾರೋ ಆರಿಸಿ ಬೆಳೆಸಿದ್ದು ಎಂಬ ಭಾವ ಆ ಪದಕ್ಕೆ ಅಂಟಿಕೊಂಡಿರುವುದು ಸುಳ್ಳಲ್ಲ. ‘ಪ್ರಭೇದ’ವನ್ನು ಸ್ಪೀಷೀಸ್‌ಗೆ ಮೀಸಲಿಡಬೇಕು, ಏಕೆಂದರೆ ಯುರೋಪಿನ ಇಲಿಗಳಲ್ಲಿ ಹೆಚ್ಚಾಗಿ ಕಾಣುವ ಬೊರೇಲಿಯಾ ಅಫ್ಜೆಲಿಯೈ ಬೇರೆ ಪ್ರಭೇದವೇ ಆಗಿದ್ದು, ಬರಹದಲ್ಲಿ ಅದೂ ಬರುತ್ತದೆ. ಕೊರೋನಾ ಕಾಲದ ‘ರೂಪಾಂತರಿ’ಯನ್ನು ಬಳಸಿದರೆ ಮೂಲರೂಪವೊಂದು ಬದಲಾಗಿ ಹೊಸದಾಗಿ ಹುಟ್ಟಿದ್ದೆಂಬ ಅರ್ಥ ಬರುತ್ತದೆ. ಸದ್ಯಕ್ಕೆ ನನ್ನ ಒಲವು ‘ಒಳಬಗೆ’ಯ ಕಡೆಗಿದೆ.

ಉಣುಂಗಿನ ಬಗ್ಗೆಯೂ ಒಂದು ಮಾತು. ಮಂಗನ ಕಾಯಿಲೆಯ ಸುದ್ದಿಯಲ್ಲಿ ಪತ್ರಿಕೆಗಳು ‘ಉಣ್ಣೆ’ ಎಂದು ಬರೆಯುವುದುಂಟು. ನಮ್ಮ ಮಕ್ಕಳಿಗೆ ಅದು ಸ್ವೆಟರಿನ ಉಣ್ಣೆ. ದನದ ಕಿವಿಯ ಬುಡದಿಂದ ಕಿತ್ತು ತೆಗೆಯುವ, ರಕ್ತ ಕುಡಿದು ಹರಳುಬೀಜದಂತೆ ಉಬ್ಬಿದ ಹುಳ ಇಲ್ಲಿ ಉಣುಂಗು. (ಹರಳುಗಿಡದ ಲ್ಯಾಟಿನ್ ಹೆಸರಾದ ‘ರಿಸಿನಸ್’ ಎಂಬುದಕ್ಕೂ ಉಣುಂಗು ಎಂದೇ ಅರ್ಥ, ಹೋಲಿಕೆ ಕಂಡವರು ನಾವು ಮಾತ್ರವಲ್ಲ.) ಆದ್ದರಿಂದ ಆ ಪದವನ್ನು ಬದಲಿಸುವ ಉದ್ದೇಶ ನನಗಿಲ್ಲ. ‘ಇಲಿಜ್ವರ’ ಎಂಬ ಶೀರ್ಷಿಕೆಯನ್ನೂ ಕೈಬಿಟ್ಟಿದ್ದೇನೆ, ಮಲಯಾಳದ ‘ಎಲಿಪ್ಪನಿ’ಯನ್ನು ದಿನವೂ ಕೇಳುವವರು ಅದನ್ನು ಲೆಪ್ಟೊಸ್ಪೈರೋಸಿಸ್ ಎಂಬ ಬೇರೆಯೇ ರೋಗವೆಂದು ತಿಳಿಯುತ್ತಾರೆ.

‘ಒಂದೇ ಕಾಡಿಲಿಯಲ್ಲಿ ಬೊರೇಲಿಯಾದ ಹಲವು ಒಳಬಗೆಗಳು ಇರಬಲ್ಲವು’ ಎಂಬ ವಾಕ್ಯವು ಎಂಟನೆಯ ತರಗತಿಯ ಮಕ್ಕಳಿಗೆ ಸಲೀಸಾಗಿ ಅರ್ಥವಾದೀತೇ, ಅಥವಾ ರೂಢಿಯಲ್ಲಿರುವ ‘ತಳಿ’ಯನ್ನೇ ಒಂದು ವಿವರಣೆಯೊಡನೆ ಉಳಿಸಿಕೊಳ್ಳುವುದು ಲೇಸೇ?