ರೇಸ್ ಕೊಟ್ಟರೂ ಪಿಕಪ್ ಇಲ್ಲ, ಕೋಡ್ ಪಿ2135: ಥ್ರಾಟಲ್ ಬಾಡಿ ಬದಲಿಸಬೇಕಾ?

ಕೇಳಿದವರು, ಮೂಡಿಗೆರೆ:

ಎಲ್ಲರಿಗೂ ನಮಸ್ಕಾರ. ನನ್ನದು 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಹೋದ ವಾರ ಉಜಿರೆ ಕಡೆಯಿಂದ ಚಾರ್ಮಾಡಿ ಹತ್ತುವಾಗ ಇಂಜಿನ್ ಲೈಟ್ ಹತ್ತಿತು. ಎಷ್ಟು ರೇಸ್ ಕೊಟ್ಟರೂ ಗಾಡಿ ಏಳಲೇ ಇಲ್ಲ, ಆರ್‌ಪಿಎಂ 1500ರ ಹತ್ತಿರ ನಿಂತುಬಿಟ್ಟಿತು. ಬದಿಗೆ ಹಾಕಿ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಏನೂ ಆಗದ ಹಾಗೆ ಹೋಯಿತು. ಆಮೇಲೂ ಹೀಗೇ ಆಗಿದೆ. ಗ್ಯಾರೇಜಿನಲ್ಲಿ ಸ್ಕ್ಯಾನ್ ಮಾಡಿದಾಗ ಪಿ2135 ಅಂತ ತೊಂದರೆಯ ಕೋಡ್ ಬಂತು. ಥ್ರಾಟಲ್ ಬಾಡಿ (ಇಂಜಿನ್‌ಗೆ ಎಷ್ಟು ಗಾಳಿ ಹೋಗಬೇಕು ಅಂತ ಹಿಡಿತದಲ್ಲಿಡುವ ಭಾಗ) ಹೋಗಿದೆ, ಪೂರ್ತಿ ಬದಲಿಸಿ, ಇಪ್ಪತ್ತು ಸಾವಿರದ ಮೇಲಾಗುತ್ತೆ ಅಂತಾರೆ. ಬದಲಿಸಲಾ? ಯಾರಿಗಾದರೂ ಹೀಗಾಗಿದ್ದರೆ ದಯವಿಟ್ಟು ತಿಳಿಸಿ. ಮನೆಯಲ್ಲಿ ವಯಸ್ಸಾದ ಅಮ್ಮ ಇದ್ದಾರೆ, ಇದೇ ಗಾಡಿಯಲ್ಲಿ ಆಸ್ಪತ್ರೆಗೆ ಓಡಾಡಬೇಕು.

ಹುಬ್ಬಳ್ಳಿಯಿಂದ, ಆಟೋ ಎಲೆಕ್ಟ್ರಿಕಲ್ ಕೆಲಸದವರು:

ಈಗಲೇ ಬದಲಿಸಬೇಡಿ ಸರ್. ಆ ಕೋಡ್ ಹೇಳುವುದು ಇಷ್ಟೇ: ಥ್ರಾಟಲ್ ಬಾಡಿಯ ಒಳಗಿರುವ ಎರಡು ಪೊಸಿಷನ್ ಸೆನ್ಸರ್‌ಗಳ ಲೆಕ್ಕ ಒಂದಕ್ಕೊಂದು ತಾಳೆ ಆಗುತ್ತಿಲ್ಲ. ಯಾಕೆ ಆಗುತ್ತಿಲ್ಲ ಅಂತ ಅದು ಹೇಳುವುದಿಲ್ಲ. ಸೆನ್ಸರ್ ಸವೆದಿರಬಹುದು, ವೈರ್ ಒಳಗೇ ತುಂಡಾಗಿರಬಹುದು, ಕಪ್ಲರಿನ (ವೈರ್‌ಗಳನ್ನು ಸಿಕ್ಕಿಸುವ ಪ್ಲಗ್‌ನ) ಪಿನ್ ಸಡಿಲ ಇರಬಹುದು, ಅರ್ತ್ ಸರಿ ಇಲ್ಲದೆಯೂ ಇರಬಹುದು. ಇದರಲ್ಲಿ ಮೊದಲನೆಯದಕ್ಕೆ ಮಾತ್ರ ಹೊಸ ಥ್ರಾಟಲ್ ಬಾಡಿ ಬೇಕು.

ಈ ಗಾಡಿಗಳಲ್ಲಿ ಆಕ್ಸಿಲರೇಟರ್ ಕೇಬಲ್ ಇಲ್ಲ. ಪೆಡಲ್‌ನಲ್ಲಿ ಎರಡು ಸೆನ್ಸರ್, ಥ್ರಾಟಲ್ ಬಾಡಿಯಲ್ಲಿ ಇನ್ನೆರಡು, ಅದರೊಳಗಿನ ಬಟರ್‌ಫ್ಲೈ (ಗಾಳಿಯ ದಾರಿ ತೆರೆದು ಮುಚ್ಚುವ ತಟ್ಟೆ) ತಿರುಗಿಸಲು ಒಂದು ಮೋಟರ್. ನೀವು ಎಷ್ಟು ಒತ್ತಿದಿರಿ, ಬಟರ್‌ಫ್ಲೈ ಎಷ್ಟು ತೆರೆಯಿತು ಅಂತ ಇಸಿಯು (ಇಂಜಿನ್ನಿನ ಕಂಪ್ಯೂಟರ್) ಸದಾ ಹೋಲಿಸಿ ನೋಡುತ್ತಿರುತ್ತದೆ. ಲೆಕ್ಕದಲ್ಲಿ ಅನುಮಾನ ಬಂದ ಕೂಡಲೇ ಮೋಟರ್‌ಗೆ ಕರೆಂಟ್ ನಿಲ್ಲಿಸುತ್ತದೆ. ಆಗ ಸ್ಪ್ರಿಂಗ್‌ಗಳು ಬಟರ್‌ಫ್ಲೈಯನ್ನು ಸ್ವಲ್ಪ ತೆರೆದ ಸ್ಥಿತಿಯಲ್ಲಿ ಹಿಡಿದು ನಿಲ್ಲಿಸುತ್ತವೆ. ನಿಮ್ಮ ಆರ್‌ಪಿಎಂ 1500ಕ್ಕೆ ನಿಂತದ್ದು ಅದಕ್ಕೇ. ಗಾಡಿ ತಾನಾಗಿ ಓಡಿಹೋಗಬಾರದು ಅಂತ ಬೇಕೆಂದೇ ಹಾಗೆ ಮಾಡಿದ್ದಾರೆ. ಆಫ್ ಮಾಡಿ ಆನ್ ಮಾಡಿದಾಗ ಇಸಿಯು ಮತ್ತೆ ಪರೀಕ್ಷೆ ಮಾಡುತ್ತದೆ, ಆ ಹೊತ್ತಿಗೆ ಎಲ್ಲ ಸರಿ ಕಂಡರೆ ಬಿಟ್ಟುಬಿಡುತ್ತದೆ.

ಬಂದು ಹೋಗುವ ತೊಂದರೆ ಅಂದರೆ ನಾನು ಮೊದಲು ನೋಡುವುದು ಲೂಸ್ ಕಾಂಟ್ಯಾಕ್ಟ್. ಹೀಗೆ ಮಾಡಿ. ಲೈವ್ ಡೇಟಾ ತೋರಿಸುವ ಸ್ಕ್ಯಾನರ್ ಹಾಕಿ, ಕೀ ಆನ್ ಇರಲಿ, ಇಂಜಿನ್ ಆಫ್ ಇರಲಿ. ಪೆಡಲನ್ನು ನಿಧಾನವಾಗಿ ಕೆಳಗಿನವರೆಗೂ ಒತ್ತಿ, ನಿಧಾನವಾಗಿ ಬಿಡಿ. ಥ್ರಾಟಲ್‌ನ ಎರಡು ಸೆನ್ಸರ್‌ಗಳ ವೋಲ್ಟ್ ನೋಡಿ. ಬಹಳ ಗಾಡಿಗಳಲ್ಲಿ ಒಂದು ಏರಿದಂತೆ ಇನ್ನೊಂದು ಇಳಿಯುತ್ತದೆ, ಎರಡನ್ನೂ ಕೂಡಿಸಿದರೆ 5ರ ಆಸುಪಾಸು ಇರುತ್ತದೆ. ಕೆಲವದರಲ್ಲಿ ಎರಡೂ ಜೊತೆಗೇ ಏರುತ್ತವೆ. ನಿಮ್ಮ ಮಾಡೆಲ್‌ನ ಲೆಕ್ಕ ಯಾವುದು ಅಂತ ಮೊದಲು ತಿಳಿದುಕೊಳ್ಳಿ. ವೋಲ್ಟ್ ಪ್ರತಿ ಸಲ ಅದೇ ಜಾಗದಲ್ಲಿ ಜಿಗಿದರೆ ಸೆನ್ಸರ್ ಟ್ರ್ಯಾಕ್ ಸವೆದಿದೆ. ಪೆಡಲ್ ಮುಟ್ಟದೆ ಕಪ್ಲರಿನ ವೈರ್ ಅಲ್ಲಾಡಿಸಿದಾಗ ಜಿಗಿದರೆ ತೊಂದರೆ ವೈರಿಂಗ್‌ನಲ್ಲಿದೆ. ಈ ಎರಡರ ವ್ಯತ್ಯಾಸವೇ ನಿಮ್ಮ ಇಪ್ಪತ್ತು ಸಾವಿರ.

ಒಂದು ಮಾತು: ಅಗ್ಗದ ಬ್ಲೂಟೂತ್ ಸ್ಕ್ಯಾನರ್ ನಿಧಾನ. ಕ್ಷಣದಲ್ಲಿ ಬಂದು ಹೋಗುವ ಜಿಗಿತ ಅದರ ಕಣ್ಣಿಗೆ ಬೀಳದೇ ಇರಬಹುದು. ಬೇರೆಲ್ಲ ಬಿಟ್ಟು ಆ ಎರಡು ಸೆನ್ಸರ್ ಮಾತ್ರ ಆರಿಸಿ ಗ್ರಾಫ್ ಹಾಕಿ, ಆಗ ಸ್ವಲ್ಪ ಚುರುಕಾಗುತ್ತದೆ.

ಮಂಗಳೂರಿನಿಂದ:

ನನಗೂ ಇದೇ ಕೋಡ್ ಬಂದಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಶುರುವಾಯಿತು. ಕಪ್ಲರ್ ಕಳಚಿ ಟಾರ್ಚ್ ಬಿಟ್ಟು ನೋಡಿದರೆ ಒಂದು ಪಿನ್ ಸುತ್ತ ಹಸಿರು ಕಿಲುಬು, ಕಪ್ಲರಿನ ರಬ್ಬರ್ ಸೀಲ್ ಒಂದು ಕಡೆ ಮಡಚಿಕೊಂಡಿತ್ತು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಚೆನ್ನಾಗಿ ಒಣಗಿಸಿ, ಸೀಲ್ ಹೊಸದು ಹಾಕಿದ ಮೇಲೆ ಇವತ್ತಿನವರೆಗೂ ಬಂದಿಲ್ಲ. ಇಂಜಿನ್ ಮೇಲೆ ಪ್ರೆಶರ್ ವಾಶ್ ಮಾಡಿಸುವ ಅಭ್ಯಾಸ ಇದ್ದರೆ ದಯವಿಟ್ಟು ಬಿಡಿ. ನಿಮ್ಮದು ತೋಟದ ಮನೆ ಆಗಿದ್ದರೆ ಇಲಿ ಕಾಟವೂ ಇರುತ್ತೆ ಅಲ್ವಾ, ವೈರ್ ಉದ್ದಕ್ಕೂ ಹಲ್ಲಿನ ಗುರುತು ಇದೆಯಾ ನೋಡಿ.

ತುಮಕೂರಿನಿಂದ:

ಬ್ಯಾಟರಿ ಮತ್ತು ಅರ್ತ್ ಮರೆಯಬೇಡಿ. ಕಪ್ಲರ್ ಹಾಕಿದ ಹಾಗೇ ಇರಲಿ, ಕೀ ಆನ್ ಮಾಡಿ. ಹಿಂದಿನಿಂದ ತೆಳು ಪ್ರೋಬ್ ತೂರಿಸಿ ಸೆನ್ಸರಿನ ಅರ್ತ್ ಪಿನ್ ಮತ್ತು ಬ್ಯಾಟರಿ ನೆಗೆಟಿವ್ ನಡುವೆ ಅಳೆಯಿರಿ. 0.1 ವೋಲ್ಟ್‌ಗಿಂತ ಕಡಿಮೆ ಇರಬೇಕು. ಸೆನ್ಸರಿಗೆ ಬರುವ ಸಪ್ಲೈ 5ಕ್ಕೆ ತೀರ ಹತ್ತಿರ ಇರಬೇಕು. ಕೆಲವು ಗಾಡಿಗಳಲ್ಲಿ ಆ 5 ವೋಲ್ಟನ್ನು ಬೇರೆ ಸೆನ್ಸರ್‌ಗಳೂ ಹಂಚಿಕೊಂಡಿರುತ್ತವೆ. ಅವುಗಳಲ್ಲಿ ಒಂದು ಶಾರ್ಟ್ ಆದರೆ ಸಪ್ಲೈ ಕುಸಿದು, ಏನೂ ತಪ್ಪು ಮಾಡದ ಥ್ರಾಟಲ್ ಮೇಲೆ ಕೋಡ್ ಬರುತ್ತದೆ. ಜೊತೆಗೆ ಆ ಸಪ್ಲೈ ತೊಂದರೆ ಹೇಳುವ ಪಿ0641 ಅಥವಾ ಪಿ0651 ಇದ್ದರೆ ಅದನ್ನೇ ಮೊದಲು ಹಿಡಿಯಿರಿ.

ಮೈಸೂರಿನಿಂದ:

ನನ್ನ ಗಾಡಿಯಲ್ಲಿ ಬಂದದ್ದು ಪಿ2138. ಅದು ಪೆಡಲ್ ಕಡೆಯ ಸೆನ್ಸರ್‌ಗಳದ್ದು, ಎರಡನ್ನೂ ಕಲೆಸಿಕೊಳ್ಳಬೇಡಿ. ಬ್ರೇಕ್ ಸ್ವಿಚ್ ಕೂಡ ನೋಡಿ. ಬ್ರೇಕ್ ಒತ್ತಿದೆ ಅಂತ ಇಸಿಯುಗೆ ತಪ್ಪು ಸುದ್ದಿ ಹೋದರೆ ಕೆಲವು ಗಾಡಿಗಳು ರೇಸ್ ತಡೆಯುತ್ತವೆ. ಹಿಂದಿನ ಬ್ರೇಕ್ ಲೈಟ್ ಸುಮ್ನೆ ಉರಿಯುತ್ತಿದೆಯಾ ಅಂತ ಯಾರಿಗಾದರೂ ನೋಡಲು ಹೇಳಿದರೆ ಸಾಕು.

ಶಿವಮೊಗ್ಗದಿಂದ:

ಕೆಲವರು ಮೊದಲು ಕ್ಲೀನ್ ಮಾಡಿಸಿ ಅಂತಾರೆ. ಕಾರ್ಬನ್ ಕಟ್ಟಿದರೆ ಐಡಲ್ (ರೇಸ್ ಕೊಡದಿದ್ದಾಗ ಇಂಜಿನ್ ಓಡುವ ವೇಗ) ಕುಣಿಯುತ್ತದೆ, ಬಟರ್‌ಫ್ಲೈ ಅಂಟುತ್ತದೆ. ಆಗ ಸಾಮಾನ್ಯವಾಗಿ ಬರುವುದು ಪಿ2119 ಅಥವಾ ಪಿ0638. ಪಿ2135ಕ್ಕೆ ಕ್ಲೀನಿಂಗ್ ಮದ್ದಲ್ಲ. ಮಾಡಿಸುವುದಾದರೂ ಸ್ಪ್ರೇಯನ್ನು ಬಟ್ಟೆಗೆ ಹೊಡೆದು ಒರೆಸಲಿ, ಶಾಫ್ಟ್ ಮೇಲೆ ಸುರಿಯಬಾರದು. ಕೀ ಆನ್ ಇರುವಾಗ ಬಟರ್‌ಫ್ಲೈ ಹತ್ತಿರ ಬೆರಳು ಇಡಲೇಬಾರದು, ಮೋಟರ್ ತಿರುಗಿದರೆ ಬೆರಳು ನಜ್ಜುಗುಜ್ಜಾಗುತ್ತದೆ. ಕ್ಲೀನ್ ಆದ ಮೇಲೆ ಐಡಲ್ ಜಾಸ್ತಿ ನಿಂತರೆ ಗಾಬರಿ ಬೇಡ. ಇಸಿಯು ಹಳೇ ಕಾರ್ಬನ್ ಲೆಕ್ಕವನ್ನೇ ಇಟ್ಟುಕೊಂಡಿರುತ್ತದೆ, ಸ್ಕ್ಯಾನರ್‌ನಿಂದ ಥ್ರಾಟಲ್ ರೀಲರ್ನ್ ಮಾಡಿಸಬೇಕು, ಅಂದರೆ ಆ ಲೆಕ್ಕವನ್ನು ಹೊಸದಾಗಿ ಕಲಿಸಬೇಕು.

ಇನ್ನೊಂದು, ಘಾಟಿಯಲ್ಲಿ ಮತ್ತೆ ಹೀಗಾದರೆ ಗಾಡಿ ಉರುಳುತ್ತಿರುವಾಗ ಕೀ ಆಫ್ ಮಾಡಬೇಡಿ. ಇಂಜಿನ್ ಓಡುತ್ತಿರುವವರೆಗೆ ಬ್ರೇಕ್, ಪವರ್ ಸ್ಟೀರಿಂಗ್ ಎರಡೂ ಇರುತ್ತವೆ. ಆಫ್ ಆದರೆ ಸ್ಟೀರಿಂಗ್ ಭಾರ, ಎರಡು ಮೂರು ಸಲ ಒತ್ತುವಷ್ಟರಲ್ಲಿ ಬ್ರೇಕ್ ಕಲ್ಲಾಗುತ್ತದೆ. ಹಜಾರ್ಡ್ ಲೈಟ್ ಹಾಕಿ, ಎಡಕ್ಕೆ ತಂದು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದ ಮೇಲೆ ಆಫ್ ಮಾಡಿ. ಇದು ಬಗೆಹರಿಯುವವರೆಗೆ ಅಮ್ಮನನ್ನು ಬೇರೆ ಗಾಡಿಯಲ್ಲಿ ಕರೆದುಕೊಂಡು ಹೋಗಿ.

ಕೇಳಿದವರು, ಮೂಡಿಗೆರೆ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ ನೋಡಿಸಿದೆ. ಪೆಡಲ್ ಒತ್ತಿದಾಗ ಎರಡೂ ವೋಲ್ಟ್ ಸರಾಗವಾಗಿ ಓಡುತ್ತವೆ, ಕೂಡಿಸಿದರೆ 5ರ ಹತ್ತಿರವೇ. ಆದರೆ ಕಪ್ಲರಿನ ಹಿಂದಿನ ವೈರ್ ಕಟ್ಟನ್ನು ಬಗ್ಗಿಸಿದ ಕೂಡಲೇ ಎರಡನೇ ಸೆನ್ಸರಿನ ವೋಲ್ಟ್ ಸೊನ್ನೆಗೆ ಬಿತ್ತು, ಲೈಟ್ ಹತ್ತಿತು, ಹಳೇ ಕೋಡ್ ಜೊತೆ ಪಿ0222 ಕೂಡ ಬಂತು. ಅರ್ತ್, ಸಪ್ಲೈ ಸರಿ ಇವೆ. ಕಿಲುಬು ಕಾಣಲಿಲ್ಲ. ಮುಂದೇನು ಮಾಡಿಸಲಿ?

ಹುಬ್ಬಳ್ಳಿಯಿಂದ:

ಸಿಕ್ಕಿತಲ್ಲ ಸರ್, ಥ್ರಾಟಲ್ ಬಾಡಿ ಮುಟ್ಟಬೇಡಿ! ಪಿ0222 ಅಂದರೆ ಎರಡನೇ ಸೆನ್ಸರಿನ ಸಿಗ್ನಲ್ ಕೆಳಗೆ ಬಿದ್ದಿದೆ ಅಂತ, ನೀವು ಕಣ್ಣಾರೆ ಕಂಡದ್ದೂ ಅದೇ. ಆ ಒಂದು ವೈರನ್ನು ಬೇರ್ಪಡಿಸಿ ಮೆಲ್ಲಗೆ ಎಳೆದು ನೋಡಲು ಹೇಳಿ. ಒಳಗೆ ತಾಮ್ರ ತುಂಡಾಗಿದ್ದರೆ ಮೇಲಿನ ಪ್ಲಾಸ್ಟಿಕ್ ರಬ್ಬರಿನ ಹಾಗೆ ಹಿಗ್ಗುತ್ತದೆ. ಹಿಗ್ಗದಿದ್ದರೆ ಕಪ್ಲರಿನ ಒಳಗಿನ ಹೆಣ್ಣು ಪಿನ್ ಅಗಲವಾಗಿರಬೇಕು. ಅದೇ ಅಳತೆಯ ಗಂಡು ಪಿನ್ ತೂರಿಸಿ ತೆಗೆಯಲಿ. ಉಳಿದವುಗಳಲ್ಲಿ ಬಿಗಿಯಾಗಿ ಹಿಡಿದು, ಇದರಲ್ಲಿ ಮಾತ್ರ ಸಡಿಲವಾಗಿ ಜಾರಿದರೆ ತಪ್ಪು ಅಲ್ಲೇ.

ಎರಡರಲ್ಲಿ ಯಾವುದಾದರೂ ರಿಪೇರಿ ಒಂದೇ: ವೈರ್ ಸಮೇತ ಬರುವ ಕಪ್ಲರ್ ತರಿಸಿ ಹಾಕಿಸಿ. ನಿಮ್ಮೂರಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಿ, ಹಳೆಯದರ ಫೋಟೋ ಕಳಿಸಿ, ಪಿನ್ ಎಣಿಸಿ ಹೇಳಿ. ಬ್ಯಾಟರಿ ನೆಗೆಟಿವ್ ತೆಗೆದು ಕೆಲಸ ಮಾಡಲಿ. ಒಂದೊಂದೇ ವೈರ್ ಕತ್ತರಿಸಿ ಸೇರಿಸಲಿ, ಎಲ್ಲ ಒಟ್ಟಿಗೆ ಕತ್ತರಿಸಿದರೆ ಅದಲು ಬದಲಾಗುತ್ತದೆ. ಬರೀ ಹೊಸೆದು ಟೇಪ್ ಸುತ್ತಿದರೆ ಒಪ್ಪಬೇಡಿ. ಆಮೇಲೆ ಕೋಡ್ ಅಳಿಸಿ, ರೀಲರ್ನ್ ಮಾಡಿ, ಇಂಜಿನ್ ಓಡುವಾಗ ಅದೇ ಜಾಗ ಮತ್ತೆ ಬಗ್ಗಿಸಿ ನೋಡಿ. ವೈರನ್ನು ಬಿಗಿಯಾಗಿ ಎಳೆದು ಕಟ್ಟಿಸಬೇಡಿ. ಇಂಜಿನ್ ಅಲುಗುತ್ತಿರುತ್ತದೆ, ಸ್ವಲ್ಪ ಸಡಿಲ ಬಿಟ್ಟು ಕ್ಲಿಪ್ ಹಾಕಿಸಿ.